ಕೈಗುಣದ ಡಾಕ್ಟರು

ಅವರ ಬಲಗೈ ಕಿರುಬೆರಳಿನ ಉಗುರು ಉದ್ದಕ್ಕೆ ಬೆಳೆದಿತ್ತು. ಮಾತ್ರೆಯ ಹಾಳೆಯನ್ನು ಆ ಉಗುರಿನಿಂದಲೇ ಸೀಳಿ, ಮಾತ್ರೆಗಳನ್ನು ಅಂಗೈಗೆ ಉದುರಿಸಿಕೊಂಡು, ಪೇಪರಿನಲ್ಲಿ ಮಡಿಸಿ ಕೊಡುತ್ತಿದ್ದರು. ವಿಜಯನಗರದ ನಮ್ಮ ಬೀದಿಗೆಲ್ಲ ಅವರೇ ಡಾಕ್ಟರು. ಈಗಲೂ 'ಅವರು' ಎನ್ನುತ್ತಿರುವುದು ಬೀದಿಯ ಅಭ್ಯಾಸದಿಂದ, ಗೌರವದಿಂದಲ್ಲ.

ಪಿಯುಸಿ ಫೇಲಾಗಿ, ಒಬ್ಬ ಹಿರಿಯ ವೈದ್ಯರ ಹತ್ತಿರ ಕಾಂಪೌಂಡರ್ ಆಗಿದ್ದರಂತೆ. ಆ ವೈದ್ಯರು ತೀರಿಕೊಂಡ ಮೇಲೆ ಅವರ ಕುರ್ಚಿ, ಸ್ಟೆತಾಸ್ಕೋಪು, ಪೇಷೆಂಟುಗಳು ಎಲ್ಲವನ್ನೂ ಇವರೇ ಇಟ್ಟುಕೊಂಡರು. ಜ್ವರಕ್ಕೂ ಸೂಜಿ, ಸೊಂಟನೋವಿಗೂ ಸೂಜಿ. ಚುಚ್ಚಿ, ಬೆನ್ನು ಸವರಿ, "ಆಯ್ತು ಹೋಗು" ಎನ್ನುತ್ತಿದ್ದರು. ಜನ ಅದಕ್ಕೆ ಕೈಗುಣ ಎಂದು ಹೆಸರಿಟ್ಟಿದ್ದರು. ಅರ್ಧ ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ನನಗೆ ಎಂಬಿಬಿಎಸ್ ಸೀಟು ಸಿಕ್ಕಾಗ ಅವರು ಪೇಡ ಹಿಡಿದು ಮೊದಲು ಓಡಿದ್ದು ಆ ಕ್ಲಿನಿಕ್ಕಿಗೆ, ನನ್ನನ್ನೂ ಎಳೆದುಕೊಂಡು.

"ಎಷ್ಟು ವರ್ಷಮ್ಮ ಓದು?"

"ಐದೂವರೆ ಸಾರ್. ಆಮೇಲೆ ಎಂ.ಡಿ. ಮಾಡಿದ್ರೆ ಇನ್ನೂ ಮೂರು."

"ಅಷ್ಟೊತ್ತಿಗೆ ಪೇಷೆಂಟ್ ಇರ್ತಾನಾ? ಸರ್ಟಿಫಿಕೇಟ್ ಗೋಡೆಗೆ ಕಣಮ್ಮ, ಕೈಗುಣ ಪೇಷೆಂಟಿಗೆ," ಎಂದು ಪೇಡವನ್ನು ಬಾಯಿಗೆ ಹಾಕಿಕೊಂಡರು. ಅಪ್ಪ ಹೌದು ಹೌದೆಂದು ತಲೆಯಾಡಿಸಿದರು.

ಮೂರನೆಯ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಹಾಸ್ಟೆಲಿಗೆ ಅಮ್ಮನ ಫೋನು. ಹಿಂದಿನ ಸಂಜೆ ಅಪ್ಪನಿಗೆ ಎದೆ ಹಿಂಡಿ, ಬೆವರು ಕಿತ್ತುಕೊಂಡು ಬಂದಿತ್ತಂತೆ. ಡಾಕ್ಟರು ಗ್ಯಾಸ್ ಎಂದು ಸೂಜಿ ಚುಚ್ಚಿ ಮಲಗಲು ಕಳಿಸಿದ್ದರು. ನಾನು ಓಡಿ ಬಂದಾಗ ಅಪ್ಪ ಎರಡನೆಯ ಸೂಜಿಗಾಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಬೂದಿಯ ಬಣ್ಣಕ್ಕೆ ತಿರುಗಿ ಕುಳಿತಿದ್ದರು.

"ಸಾರ್, ಇದು ಹಾರ್ಟು. ಈಗಲೇ ಇಸಿಜಿ ಮಾಡಿಸ್ಬೇಕು."

"ನೀನಿನ್ನೂ ಅರ್ಧ ದಾರೀಲಿದೀಯಮ್ಮ. ಪೂರ್ತಿ ಮುಗಿಸ್ಕೊಂಡು ಬಾ, ಈ ಕುರ್ಚಿ ನಿನಗೇ ಬಿಟ್ಕೊಡ್ತೀನಿ."

ಬೆಂಚಿನ ಮೇಲಿದ್ದವರು ನಕ್ಕರು. ಆ ದಾರಿಗೆ ಒಮ್ಮೆಯೂ ಕಾಲಿಡದ ಮನುಷ್ಯ ನನ್ನ ದೂರ ಅಳೆಯುತ್ತಿದ್ದ.

"ಸುಮ್ನಿರು ಪುಟ್ಟಿ," ಎಂದರು ಅಪ್ಪ, ಉಸಿರೆಳೆದುಕೊಳ್ಳುತ್ತ. "ಅವರ ಕೈಗುಣ ನಂಗೊತ್ತು."

ನಾನು ಅಪ್ಪನ ರಟ್ಟೆ ಹಿಡಿದು ಎಬ್ಬಿಸಿ ಆಟೋಗೆ ಹತ್ತಿಸಿದೆ. ಆಸ್ಪತ್ರೆಯಲ್ಲಿ ಅಪ್ಪ ಉಳಿದರು. ಆದರೆ ಹೃದಯದ ಅರ್ಧ ಸ್ನಾಯು ಸತ್ತುಹೋಗಿತ್ತು. ನಿನ್ನೆ ಸಂಜೆಯೇ ಯಾಕೆ ತರಲಿಲ್ಲ ಎಂದು ಅಲ್ಲಿನ ವೈದ್ಯೆ ಅಮ್ಮನನ್ನು ಕೇಳಿದರು.

ಇತ್ತ ಬೀದಿಯಲ್ಲಿ ಡಾಕ್ಟರು ಹೇಳಿಕೊಂಡು ತಿರುಗಿದ್ದು ಬೇರೆ: "ನನ್ನ ಇಂಜೆಕ್ಷನ್ನೇ ಕಣ್ರೀ ಆಸ್ಪತ್ರೆವರೆಗೂ ಜೀವ ಹಿಡಿದಿಟ್ಟಿದ್ದು." ಅದನ್ನು ಮೊದಲು ನಂಬಿದವರು ಅಪ್ಪ.

ಈಗ ನಾನು ಎಂ.ಡಿ. ಮುಗಿಸಿದ್ದೇನೆ. ಡಾಕ್ಟರಾಗಲು ಎಷ್ಟು ಓದಬೇಕು ಎಂದು ಬೀದಿಯ ಮಕ್ಕಳು ಕೇಳುತ್ತಾರೆ. 'ನನಗೆ ತಿಳಿಯುತ್ತಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ' ಎಂದು ನಾಚಿಕೊಳ್ಳದೆ ಹೇಳಲು ಬರುವಷ್ಟು, ಎನ್ನುತ್ತೇನೆ. ಅಂದು ಆ ಒಂದು ಮಾತು ಬಾಯಿಗೆ ಬಂದಿದ್ದರೆ ಆ ಮನುಷ್ಯನ ಪಿಯುಸಿಯನ್ನು ನಾನು ಎತ್ತಿ ಆಡುತ್ತಿರಲಿಲ್ಲ.

ಕಳೆದ ವರ್ಷ ಅವರು ನಿದ್ದೆಯಲ್ಲೇ ಹೋದರು. ಬೀದಿಗೆ ಬೀದಿಯೇ ಅಂಗಡಿ ಮುಚ್ಚಿತು. ಅಪ್ಪ ಬಿಳಿ ಪಂಚೆ ಉಟ್ಟು ಹೊರಟು ನಿಂತರು.

"ಬೇಡಪ್ಪ, ನಡೆಯೋಕಾಗಲ್ಲ ನಿಂಗೆ."

"ಮೇನ್ ರೋಡ್‌ವರೆಗೆ ಕಣಮ್ಮ. ಹೆಗಲು ಕೊಡದಿದ್ರೂ ಹಿಂದೆ ನಡೀದಿದ್ರೆ ಹೆಂಗೆ?"

ನನಗೆ ಡಾಕ್ಟರ ಮುಖ ನೋಡುವ ಮನಸ್ಸಿರಲಿಲ್ಲ. ಅಪ್ಪನಿಗಾಗಿ ಜೊತೆಗೆ ಹೋದೆ. ಬೇಕರಿಯ ಹತ್ತಿರ ರಸ್ತೆ ಸ್ವಲ್ಪ ಏರುತ್ತದೆ. ಅಲ್ಲಿ ಅಪ್ಪನಿಗೆ ಉಸಿರು ಸಾಲಲಿಲ್ಲ. ಬೇಕರಿಯ ಮೆಟ್ಟಿಲ ಮೇಲೆ ಕೂರಿಸಿ ನಾಡಿ ಹಿಡಿದುಕೊಂಡೆ. ತಮಟೆ ಮುಂದೆ ಹೋಯಿತು, ಜನ ಹೋದರು, ಡಾಕ್ಟರು ಹೋದರು. ಅಪ್ಪ ಕೂತಲ್ಲಿಂದಲೇ ಕೈ ಮುಗಿದರು.