ಅಂಗುಲನ ಕಿವಿಗೆ ಬಿದ್ದ ಅಳು

ನಮ್ಮ ಮರಗೆಲಸದ ಅಂಗಡಿಯಲ್ಲಿ ಅವನನ್ನು ಎಲ್ಲರೂ ಅಂಗುಲ ಎಂದೇ ಕರೆಯುತ್ತಿದ್ದರು. ಊಟ ಮುಗಿಸಲು ಎಷ್ಟು ಹೊತ್ತು ಬೇಕು ಎಂದರೂ ‘ಎರಡಂಗುಲ’ ಎನ್ನುವ ಆಸಾಮಿ. ನಾನು ಯಾರ ಕೈಕೆಳಗೂ ಕಲಿತವನಲ್ಲ. ಉಳಿ ಹಿಡಿದದ್ದೂ ಅಕ್ಷರ ಹಿಡಿದದ್ದೂ ನನ್ನಷ್ಟಕ್ಕೆ ನಾನೇ. ಅಂಥ ನಾನೇ ಹೇಳುತ್ತೇನೆ, ಕಪಾಟು ಮಾಡುವುದರಲ್ಲಿ ಅವನ ಕೈ ನನ್ನ ಕೈಗಿಂತ ಒಂದು ತೂಕ ಹೆಚ್ಚು. ಆದರೆ ಒಂದು ಚಾಳಿ. ಪ್ರತಿ ಕಪಾಟಿನ ತಳದಲ್ಲಿ, ಯಾರನ್ನೂ ಕೇಳದೆ, ಬೈರಿಗೆಯಿಂದ ತೂತು ಕೊರೆದಿಡುತ್ತಿದ್ದ.

“ಬಟ್ಟೆಗೂ ಉಸಿರಾಟ ಬೇಕೇನ್ರೀ ಯಜಮಾನ್ರೇ? ನಾನು ಕೊಂಡಿದ್ದು ಕಪಾಟೋ ಜರಡಿಯೋ?” ಎಂದು ಒಬ್ಬ ಗಿರಾಕಿ ನನ್ನನ್ನು ತರಾಟೆಗೆ ತೆಗೆದುಕೊಂಡ.

“ಗಾಳಿ ಆಡಿದ್ರೆ ಮುಗ್ಗಲು ವಾಸನೆ ಬರಲ್ಲ ಸ್ವಾಮಿ,” ಎಂದು ಮಾತು ತೇಲಿಸಿದೆ. ಅಂಗುಲನನ್ನು ಕೇಳಿದರೆ “ಇರ್ಲಿ ಬಿಡಿ, ಒಳ್ಳೇದಕ್ಕೇ” ಎಂದು ಮುಖ ತಿರುಗಿಸಿದ.

ಒಂದು ಮಧ್ಯಾಹ್ನ ಅವನು ಕೆಲಸ ನಿಲ್ಲಿಸಿ, ಮಾಡಿ ಮುಗಿಸಿದ್ದ ಕಪಾಟಿಗೆ ಕಿವಿ ಹಚ್ಚಿದ. ಮರುಗಳಿಗೆಯಲ್ಲಿ ಹಾರೆ ತಂದು ಬಾಗಿಲನ್ನು ಮೀಟಿ ಕಿತ್ತ.

“ಒಳಗೆ ಮಗು ಅಳ್ತಿದೆ! ಯಾರ್ರೀ ಹಾಕಿದ್ದು ಚಿಲಕ?”

ಒಳಗೆ ಬರೀ ವಾರ್ನಿಶ್ ವಾಸನೆ. ನಾನು ಕೈಯಾಡಿಸಿ ತೋರಿಸಿದೆ. “ಹೆದ್ರಿ ಮೂಲೆ ಸೇರಿದೆ, ನಿಮ್ಗೆ ಕಾಣಲ್ಲ,” ಎಂದು ಪಕ್ಕದ ಕಪಾಟಿಗೂ ಹಾರೆ ಹಾಕಿದ. ಹಿಡಿದು ಕೂರಿಸುವಷ್ಟರಲ್ಲಿ ನಮಗೆಲ್ಲ ಬೆವರು ಕಿತ್ತು ಬಂತು.

ಅವನಿಗೆ ತನ್ನವರೆಂದರೆ ಬಟ್ಟೆ ಹೊಲಿಯುವ ಅಕ್ಕ ಒಬ್ಬಳೇ. ಅವಳೂ ನಾನೂ ಅವನನ್ನು ಮನೋವೈದ್ಯೆಯ ಹತ್ತಿರ ಕರೆದೊಯ್ದೆವು. ಡಾಕ್ಟರಮ್ಮ ಬಾಲ್ಯದ ಮಾತೆತ್ತಿದ್ದೇ ಅಕ್ಕ ಕೈಚೀಲದ ಹಿಡಿ ತಿರುಚತೊಡಗಿದಳು.

“ಅಪ್ಪ ಇಬ್ಬರಿಗೂ ಹೊಡೀತಿದ್ದ. ಇವನನ್ನ ಮಾತ್ರ ಕಪಾಟಿಗೆ ತಳ್ಳಿ ಚಿಲಕ ಹಾಕೋನು. ಬೆಳಗಿಂದ ಸಂಜೆವರೆಗೂ.”

ನನಗೆ ಸಿಟ್ಟೂ ಬಂತು, ಗೊಂದಲವೂ ಆಯಿತು. “ಹಾಗಾದ್ರೆ ಇದು ಅಪ್ಪ ಕೊಟ್ಟ ಕಾಯಿಲೇನಾ? ಏಟು ತಿಂದ ಇವಳಿಗೆ ಏನೂ ಕೇಳಿಸಲ್ವಲ್ಲ?”

“ಎಳೇ ವಯಸ್ಸಲ್ಲಿ ಅಷ್ಟು ನೊಂದೋರಿಗೆ ಮುಂದೆ ಇಂಥದ್ದು ಬರೋ ಸಂಭವ ಹೆಚ್ಚು ಅಜ್ಜಾ. ಆದ್ರೆ ನೊಂದೋರಿಗೆಲ್ಲ ಬರಲ್ಲ. ಬಂದೋರೆಲ್ಲ ನೊಂದೋರೂ ಅಲ್ಲ. ಇವರಿಗೆ ಅದರಿಂದ್ಲೇ ಬಂತು ಅಂತ ನಾನು ಆಣೆ ಮಾಡಲಾರೆ.”

ಒಂದು ಗಂಟು ಬಿಚ್ಚಿದರೆ ಇನ್ನೆರಡು ಬಿದ್ದ ಹಾಗಾಯಿತು. ಮರದಲ್ಲಿ ಬಿರುಕು ಎಲ್ಲಿಂದ ಹೊರಟಿತೆಂದು ಬೆರಳಿಟ್ಟು ತೋರಿಸಬಲ್ಲೆ. ಇಲ್ಲಿ ಬೆರಳಿಡಲು ಜಾಗವೇ ಇಲ್ಲ.

ಅಂಗುಲ ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ತಿರುಗಿಸಿ ನೋಡುತ್ತಿದ್ದ. “ಇದನ್ನ ನುಂಗಿದ್ರೆ ಅಳು ನಿಲ್ಲುತ್ತಾ?”

“ದಿನಾ ತಗೊಂಡ್ರೆ ಬರಬರ್ತಾ ಕಡಿಮೆ ಆಗಬಹುದು.”

“ಅಳು ನಿಂತ್ರೆ ಮಗು ಸತ್ತುಹೋಯ್ತು ಅಂತ ತಾನೇ?” ಎಂದವನೇ ಮಾತ್ರೆಯನ್ನು ಮೇಜಿನ ಮೇಲಿಟ್ಟುಬಿಟ್ಟ.

ಯಾರು ಹೇಳಿದರೂ ಮಾತ್ರೆಗೆ ಬಾಯಿ ತೆರೆಯಲಿಲ್ಲ. ಆಮೇಲೆ ಅನ್ನ ಬಿಟ್ಟ, ನಿದ್ದೆ ಬಿಟ್ಟ. ಅಕ್ಕನ ಹೊಲಿಗೆ ಕೋಣೆಯ ಗೋಡೆಗೆ ಕಿವಿ ಕೊಟ್ಟು ಕೂತು ಕಡ್ಡಿಯಂತಾದ. ಹೀಗೇ ಬಿಟ್ಟರೆ ಹುಡುಗ ಕೈತಪ್ಪಿ ಹೋಗುತ್ತಾನೆಂದು ನಾನು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಅಕ್ಕ ಮಿಷನ್ ನಿಲ್ಲಿಸಿ ಅವನೆದುರು ಕುಕ್ಕರಿಸಿದಳು.

“ಒಂದ್ಸಲ ನೀನು ಅಳು ನಿಲ್ಲಿಸಿಬಿಟ್ಟೆ ಕಣೋ. ನಂಗೂ ಹಾಗೇ ಅನ್ನಿಸ್ತು, ಸತ್ತೇಹೋದ ಅಂತ. ಅಪ್ಪ ಕೊಂದ್ರೂ ಕೊಲ್ಲಲಿ ಅಂತ ಚಿಲಕ ತೆಗೆದೆ. ನೋಡಿದ್ರೆ ಬೆರಳು ಚೀಪ್ತಾ ಗೊರಕೆ ಹೊಡೀತಿದ್ದೆ!”

“ಆಚೆ ಬಂದ್ನಾ?”

“ಬರದೆ ಏನು? ಮೈಮೇಲೇ ಬಿದ್ದೆ. ಆನೆಮರಿ ಭಾರ!”

ಅವನು ಗೋಡೆಯಿಂದ ಕಿವಿ ತೆಗೆದು ಅವಳತ್ತ ತಿರುಗಿದ. “ಅವನು ಆಚೆ ಬಂದಿದ್ರೆ, ಈಗ ಅಳ್ತಿರೋದು ಯಾರಕ್ಕಾ?”

“ನಂಗೊತ್ತಿಲ್ಲಪ್ಪ. ಆದ್ರೆ ಸುಮ್ಮನಾದ್ರೆ ಸತ್ತ ಅಂತಲ್ಲ. ನಿದ್ದೆ ಬಂದಿರುತ್ತೆ.”

ಅಂಗುಲ ಕೈ ಚಾಚಿದ. ಅವಳು ಕೊಟ್ಟ ಮಾತ್ರೆಯನ್ನು ನುಂಗಿ, ನೀರು ಕುಡಿದು, ತಲೆ ವಾಲಿಸಿ ಆಲಿಸಿದ.

“ಇನ್ನೂ ಕೇಳಿಸ್ತಿದೆಯೇನೋ?” ಎಂದೆ, ತಡೆಯಲಾರದೆ.

“ಹೂಂ, ಅಳ್ತಿದೆ,” ಎಂದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, “ಅದು ಮಲಗಬೇಕಲ್ಲ, ನೀವಿಬ್ಬರೂ ಸ್ವಲ್ಪ ಮೆಲ್ಲಗೆ ಮಾತಾಡಿ,” ಎಂದ.