ಅತಿಥಿ ಎತ್ತಿದ ಎಲೆ

ಅವರ ತೋರುಬೆರಳಿಗೆ ಉಗುರಿರಲಿಲ್ಲ. ಬಲಗೈಯದೋ ಎಡಗೈಯದೋ, ಈಗ ಆಣೆ ಮಾಡಿ ಹೇಳಲಾರೆ. ಲೇತಿನಿಂದ ಬಿಚ್ಚಿದ ತುಂಡನ್ನು ಕಣ್ಣು ಮುಚ್ಚಿ ಆ ಬೋಳು ಬೆರಳಿನಿಂದ ಸವರಿ, ಒಪ್ಪಿದರೆ "ಸರಿ" ಎನ್ನುತ್ತಿದ್ದರು. ಯಶವಂತಪುರದ ಕಾರ್ಖಾನೆಯಲ್ಲಿ ನಮಗೆ ಕೆಲಸ ಕಲಿಸಲು ಜರ್ಮನಿಯಿಂದ ಬಂದಿದ್ದ ಮೇಷ್ಟ್ರು. ತುಂಡು ಕೆಟ್ಟರೆ ಬೈಯುತ್ತಿರಲಿಲ್ಲ; ಅದನ್ನು ಲೋಹದ ಚೂರುಗಳ ಡಬ್ಬದಲ್ಲಿ ಬಚ್ಚಿಟ್ಟರೆ ಮಾತ್ರ ಕೆರಳುತ್ತಿದ್ದರು. "ಮೇಜಿನ ಮೇಲೆ ಇಡು. ಸೀಮೆಸುಣ್ಣದಲ್ಲಿ ನಿನ್ನ ಹೆಸರು ಬರಿ." ನಮ್ಮಿಂದಲೇ ಕಲಿತ ಕನ್ನಡ ಅದು.

ಐವತ್ತರ ದಶಕದ ಕೊನೆಯ ಒಂದು ಯುಗಾದಿಗೆ ಅವರನ್ನು ಮನೆಗೆ ಕರೆದೆ. ಜಾತಿಗೀತಿ ನಂಬುವುದಿಲ್ಲವೆಂದು ಗೆಳೆಯರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ ಕಾಲ. ಅಮ್ಮ ಪಡಸಾಲೆಯಲ್ಲಿ ಅವರೊಬ್ಬರಿಗೇ ಎಲೆ ಹಾಕಿ, ಒಬ್ಬಟ್ಟನ್ನು ಮೇಲಿನಿಂದಲೇ ಬೀಳಿಸಿ ತುಪ್ಪ ಸುರಿದಳು. ಅವರು ಉಂಡ ರೀತಿ ನೋಡಿ ಅವಳಿಗೆ ಸಂತೋಷವೇ. ಅಷ್ಟರಲ್ಲಿ ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದಳು.

"ಲೋ, ಆ ಎಲೆ ಯಾರೋ ಎತ್ತೋದು? ನಿಮ್ಮಮ್ಮ ಮುಟ್ಟಲ್ಲ, ಹೇಳಿದೀನಿ."

"ನಾನೇ ಎತ್ತೀನಿ ಬಿಡಜ್ಜಿ."

"ಎತ್ತು, ಎತ್ತು. ಹಬ್ಬದ ದಿನ ಮೈಲಿಗೆ ಮಾಡ್ಕೊಂಡು ಮತ್ತೆ ತಣ್ಣೀರು ಸುರ್ಕೋ. ನಿನ್ನ ಊಟ ಆಮೇಲೆ ನೋಡೋಣ."

ನನಗೆ ಹಸಿವಾಗಿತ್ತು. ಕಾರಣ ಅಷ್ಟೇ ಇರಬಹುದು.

ಪಡಸಾಲೆಗೆ ಬಂದು ಮೇಷ್ಟ್ರಿಗೆ ಹೇಳಿದೆ: ನಮ್ಮಲ್ಲಿ ಅತಿಥಿ ತನ್ನ ಎಲೆಯನ್ನು ತಾನೇ ಎತ್ತಿ, ಉಂಡ ಜಾಗವನ್ನು ಸಗಣಿಯಿಂದ ಬಳಿಯುತ್ತಾನೆ, ಊಟ ಮೆಚ್ಚಿದ್ದಕ್ಕೆ ಅದೇ ಗುರುತು. ಅವರ ಮುಖ ಅರಳಿತು. ಆರಡಿಯ ಆಳು ಮಂಡಿಯೂರಿ ಬಳಿದರು. ಕಣ್ಣು ಮುಚ್ಚಿ ಬೆರಳಿನಿಂದ ಸವರಿ, "ಸರಿ" ಎಂದರು. ಅಜ್ಜಿ ಇಣುಕಿ ನೋಡಿ, "ಪಾಪ, ಎಷ್ಟು ಒಪ್ಪವಾಗಿ ಬಳಿದ" ಎಂದಳು. ಇದು ನನ್ನ ಸೇರ್ಪಡೆಯೂ ಇರಬಹುದು, ಅವಳ ಬಾಯಲ್ಲೂ ಒಂದು ಒಳ್ಳೆಯ ಮಾತಿರಲಿ ಎಂದು.

ಆಮೇಲೆ ಎಷ್ಟೋ ಹಬ್ಬಗಳಿಗೆ ಬಂದರು. ಪ್ರತಿಸಲವೂ ಬಳಿದರು. ಪ್ರತಿಸಲವೂ ನಾನು ಸುಮ್ಮನಿದ್ದೆ.

ತಮ್ಮ ದೇಶಕ್ಕೆ ಮರಳುವ ಮುಂಚೆ ಹೆಬ್ಬಾಳದ ಬಾಡಿಗೆ ಮನೆಗೆ ನನ್ನನ್ನು ಊಟಕ್ಕೆ ಕರೆದರು. ಅಲ್ಲೇ ಹತ್ತಿರದ ಸಿಂಗಾಪುರವೆಂಬ ಹಳ್ಳಿಯ ಹೆಂಗಸೊಬ್ಬಳು ಅವರಿಗೆ ಅಡುಗೆ ಮಾಡುತ್ತಿದ್ದಳು. ಮುದ್ದೆ, ಬಸ್ಸಾರು. ನೆಲದ ಮೇಲೆ ಎಲೆ ಹಾಕಿ ಮೇಷ್ಟ್ರೇ ಬಡಿಸಿದರು. ನಾನು ಏಳುವಷ್ಟರಲ್ಲಿ ಸಗಣಿಯ ಬಕೆಟ್ಟು ತಂದು ಪಕ್ಕದಲ್ಲಿಟ್ಟರು. "ಇವತ್ತು ನೀನು ಅತಿಥಿ!"

ಬಾಗಿಲಲ್ಲಿ ನಿಂತಿದ್ದ ಹೆಂಗಸು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಬುದ್ಧೀ, ಐನೋರ ಕೈಲಿ ಎತ್ತುಸ್ತೀರಾ? ಇಂಗೆ ಎತ್ಸೋದು ನಮ್ಮಂತೋರ ಕೈಲಿ. ನಾವುಂಡ ಎಲೆ ಅವ್ರು ಮುಟ್ಟುದ್ರೆ ಮೈಲಿಗೆ ಅಂತ."

ಮೇಷ್ಟ್ರು ನನ್ನತ್ತ ತಿರುಗಿದರು. "ಹೌದಾ?"

"ಇಲ್ಲ ಸಾರ್. ಅವರ ಹಳ್ಳಿ ಕಡೆ ಹಾಗಿರಬೇಕು."

ಆ ಮಾತು ನಿಜವೆನಿಸಲೆಂದು ಎಲೆ ಎತ್ತಿದೆ. ಬಳಿದೆ. ಹುಟ್ಟಿದ ಮೇಲೆ ಮೊದಲ ಸಲ, ಗಂಟುಗಂಟಾಗಿ. ಹೆಂಗಸು ತಲೆ ತಗ್ಗಿಸಿ, ನನ್ನ ಕೈಗೆ ತಾಕದಂತೆ ಮೇಲಿನಿಂದ ನೀರು ಹೊಯ್ದಳು. ಮೇಷ್ಟ್ರು ಅದನ್ನು ನೋಡಿದರು. ಬಾಗಿ, ಕಣ್ಣು ಮುಚ್ಚಿ, ನಾನು ಬಳಿದ ಜಾಗವನ್ನು ಬೆರಳಿನಿಂದ ಸವರಿದರು. "ಸರಿ" ಎನ್ನಲಿಲ್ಲ.

ಆ ಕಾಲದಲ್ಲೇ ಪರಜಾತಿಯವರ ಮನೆಯಲ್ಲಿ ಉಂಡು ನನ್ನ ಎಲೆ ನಾನೇ ಎತ್ತಿದೆನೆಂದು ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದೇನೆ. ಚಪ್ಪಾಳೆಯೂ ಸಿಕ್ಕಿದೆ. ಯಾಕೆ ಎತ್ತಿದೆನೆಂದು ಹೇಳಿಲ್ಲ. ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಓದಿದ ದಿನವೂ ಹೇಳಲಿಲ್ಲ. ನನ್ನ ಕೈಯಲ್ಲಿರುವ ಕಸುಬೆಲ್ಲ ಅವರದು. ಕೆಟ್ಟ ಈ ತುಂಡು ನನ್ನದು. ಮೇಜಿನ ಮೇಲೆ ಇಟ್ಟಿದ್ದೇನೆ, ಸವರಿ ನೋಡುವ ಬೆರಳು ಇಲ್ಲವಾದ ಮೇಲೆ.