ಬಾವಿಗಿಳಿಸಿದ ಮದ್ದು

ಮೊನ್ನೆ ಬ್ರಹ್ಮಾವರದಲ್ಲಿ ಮರಿಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ನರ್ಸು ಮಂಜುಗಡ್ಡೆಯ ಡಬ್ಬಿಯಿಂದ ರಬ್ಬರು ಮುಚ್ಚಳದ ಪುಟ್ಟ ಸೀಸೆ ತೆಗೆದಳು. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ, ಕಂಪೌಂಡರು ನೆನಪಾದರು...

ಎರಡನೆಯ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಸಾಲಿಗ್ರಾಮದ ಗಂಡನ ಮನೆಯಲ್ಲಿ ಮಗಳನ್ನು ಹೆತ್ತ ನಾಲ್ಕನೆಯ ದಿನ ನನಗೆ ಜ್ವರ ಏರಿತು. ನನ್ನ ಅಕ್ಕ ಇಂಥದೇ ಬಾಣಂತಿ ಜ್ವರದಲ್ಲಿ ಹೋಗಿದ್ದಳು. ಕುಂದಾಪುರದ ಡಾಕ್ಟರು ಬಂದು, ಪೆನಿಸಿಲಿನ್ ಎಂಬ ಹೊಸ ಮದ್ದು ಕೊಟ್ಟು ನೋಡೋಣವೆಂದರು. ಮೂರು ಗಂಟೆಗೊಮ್ಮೆ ಚುಚ್ಚಬೇಕಾದ್ದರಿಂದ ತಮ್ಮ ಕಂಪೌಂಡರನ್ನು ನಮ್ಮ ಜಗಲಿಯಲ್ಲೇ ಬಿಟ್ಟು ಹೋದರು.

ಕಂಪೌಂಡರು ನಾವುಂದ ಊರಿನ ಕಡೆಯವರು, ಮಾತು ಕಡಿಮೆ. ಹಳದಿ ಪುಡಿಯನ್ನು ಕುದಿಸಿ ಆರಿಸಿದ ನೀರಲ್ಲಿ ಕರಗಿಸಿ, ಸೀಸೆಯನ್ನು ತಂಬಿಗೆಯಲ್ಲಿಟ್ಟು, ಹಗ್ಗ ಕಟ್ಟಿ ಬಾವಿಗಿಳಿಸುತ್ತಿದ್ದರು. ಕರಗಿದ ಮದ್ದು ತಂಪಿನಲ್ಲಿರಬೇಕಂತೆ. ಮಂಜುಗಡ್ಡೆಯನ್ನು ನಮ್ಮೂರಲ್ಲಿ ಯಾರು ಕಂಡಿದ್ದರು!

ಎರಡನೆಯ ದಿನ ಜ್ವರ ತುಸು ಇಳಿಯಿತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಬಾಣಂತಿಗೆ ಕುಡಿಯುವ ನೀರನ್ನೂ ಕಾಸಿಯೇ ಕೊಡುವ ಮನೆ ನಮ್ಮದು. ಕಂಪೌಂಡರು ಊಟಕ್ಕೆ ಕೂತದ್ದೇ ತಡ, ಅತ್ತೆ ಸೀಸೆಯನ್ನು ಮೇಲೆತ್ತಿ ಬಚ್ಚಲೊಲೆಯ ಬಿಸಿನೀರಿನಲ್ಲಿಟ್ಟರು.

“ಅಮ್ಮಾ, ಎಂತ ಮಾಡಿದ್ರಿ! ಬಿಸಿ ತಾಗ್ರೆ ಈ ಮದ್ದ್ ಕೆಲ್ಸಕ್ಕ್ ಬತ್ತಿಲ್ಲ.” ಕಂಪೌಂಡರು ಎಂಜಲು ಕೈಯಲ್ಲೇ ಓಡಿ ಬಂದರು.

“ಹ್ವಾಯ್, ಬಾಣ್ತಿಗೆ ತಣ್ಣಂದ್ ಹೋರೆ ಸನ್ನಿ ಆತಿಲ್ಯಾ?” ಎಂದ ಅತ್ತೆ, ಅವರ ಮುಖ ಕಂಡು ಕುಸಿದು ಕೂತರು. ಮನೆಯಲ್ಲಿದ್ದ ಮದ್ದು ಅಷ್ಟೇ. ಒಳಗೆ ಮಲಗಿದ್ದ ನಾನು ನನ್ನ ಕಥೆ ಮುಗಿಯಿತೆಂದುಕೊಂಡೆ.

ಕಂಪೌಂಡರು ಕೈತೊಳೆದು ಕುಂದಾಪುರಕ್ಕೆ ಸೈಕಲ್ ಹತ್ತಿದರು. ಬೆನ್ನಿಗೇ ನನ್ನ ಗಂಡ. ಡಾಕ್ಟರು ಕೇಳಿದಾಗ, ನಿಜ ಹೇಳಹೊರಟ ನನ್ನ ಗಂಡನ ಕೈ ಅದುಮಿ ಕಂಪೌಂಡರು, “ನನ್ ಕೈ ಜಾರಿ ಬಾವಿಗ್ ಬಿತ್ತ್” ಎಂದರಂತೆ. ರೋಗಿಗಳೆದುರೇ ಡಾಕ್ಟರು ಹಿಗ್ಗಾಮುಗ್ಗಾ ಬೈದರಂತೆ. ಬೈಸಿಕೊಂಡು, ಉಳಿದಿದ್ದ ಎರಡು ಸೀಸೆ ಹಿಡಿದು, ಚುಚ್ಚುವ ಹೊತ್ತಿಗೆ ಸರಿಯಾಗಿ ಬಂದರು. ನನ್ನ ಗಂಡನಿಂದ ಇದನ್ನು ಕೇಳಿದ ಅತ್ತೆ ಆಮೇಲೆ ಮದ್ದಿನ ತಂಬಿಗೆ ಕಾಯುತ್ತ ಬಾವಿಕಟ್ಟೆ ಬಿಟ್ಟು ಏಳಲಿಲ್ಲ, ಯಾರಿಗೂ ಕೊಡ ಇಳಿಸಲು ಬಿಡಲಿಲ್ಲ. ನಾವು ಪಕ್ಕದ ಮನೆಯಿಂದ ನೀರು ತರಿಸಬೇಕಾಯಿತು.

ಮದ್ದು ಶುರುವಾದ ನಾಲ್ಕನೆಯ ಬೆಳಿಗ್ಗೆ ಮೈಯೆಲ್ಲ ಬೆವತು ಎಚ್ಚರವಾಯಿತು. ಹಸಿವೋ ಹಸಿವು! ಗಂಜಿ ಕೇಳಿದೆ. ಅತ್ತೆ ಅತ್ತೇಬಿಟ್ಟರು. ಕಂಪೌಂಡರು ಸಿರಿಂಜು ತೊಳೆದುಕೊಂಡು ಹೊರಟರು. ಸೊಸೆಯಂದಿರು ಹೊರಗಿನ ಗಂಡಸರೊಡನೆ ಮಾತಾಡುವ ಕಾಲವಲ್ಲ ಅದು. ನಾನು ಅವರೊಡನೆ ಒಂದು ಮಾತೂ ಆಡಲಿಲ್ಲ...

ಎಷ್ಟೋ ವರ್ಷಗಳ ಮೇಲೆ ಕಂಪೌಂಡರು ತೀರಿಕೊಂಡ ಸುದ್ದಿ ಬಂತು. ಅತ್ತೆ ಎದ್ದುಹೋಗಿ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡರು. “ನೀನೂ ಮೀಯ್. ನಮ್ಗ್ ಸೂತಕ ಇತ್ತ್” ಎಂದರು. ನೆಂಟರಲ್ಲದವರ ಸಾವಿಗೆ ಅವರು ಮಿಂದದ್ದು ಅದೊಂದೇ ಸಲ.

ಈಗ ಅತ್ತೆಯೂ ಇಲ್ಲ. ಆ ಮಗಳು ಮೊನ್ನೆ ನರ್ಸಿನೆದುರು ತನ್ನ ಮೊಮ್ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಕಂಪೌಂಡ್ರೇ, ನಾನ್ ಉಳ್ಕಂಡೆ” ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಕೇಳಬೇಕಾದವರು ಇರಲಿಲ್ಲ. ಆದರೂ ಎದೆ ಹಗುರಾಯಿತು.